ಬ್ಯಾಡಗಿಯ ಮೂಗು

ಮೊನ್ನೆ ನನ್ನ ಮಗಳು ಶಾಲೆಯ ಗೊಬ್ಬರದ ಗುಂಡಿಗೆ ಒಯ್ಯುವ ಕಸದ ಡಬ್ಬಿಯ ಮುಚ್ಚಳ ತೆಗೆದು ಸೀನಿದಳು. ಬಾಳೆಹಣ್ಣಿನ ಸಿಪ್ಪೆಯ ಕೆಳಗಿನಿಂದ ಒಣಮೆಣಸಿನಕಾಯಿಯ ಘಾಟು ಬರುತ್ತಿತ್ತು. ನಾನು ಡಬ್ಬಿಯನ್ನು ಇಸಿದುಕೊಂಡು, ಅದರಲ್ಲಿದ್ದ ತೊಟ್ಟುಗಳನ್ನೆಲ್ಲ ಆರಿಸಿ ತೆಗೆದೆ. ಯಾಕೆಂದು ಅವಳು ಕೇಳಿದಳು.

ನಾನು ಬೆಳೆದ ಬ್ಯಾಡಗಿಯ ಮನೆಯಲ್ಲಿ ಯಾರೂ ಸೀನುತ್ತಿರಲಿಲ್ಲ. ಸುಗ್ಗಿಯಲ್ಲಿ ಪಡಸಾಲೆಯ ತುಂಬ ಕೆಂಪು ರಾಶಿ ಬೀಳುತ್ತಿತ್ತು. ಅವ್ವ ಮತ್ತು ಓಣಿಯ ಹೆಂಗಸರು ಸುತ್ತ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಹಾಸಿಗೆ, ಹಾಲು, ನಮ್ಮ ಜಡೆಗಳಿಗೆಲ್ಲ ಅದೇ ವಾಸನೆ ಇದ್ದಿರಬೇಕು, ನಮಗೆ ತಿಳಿಯುತ್ತಿರಲಿಲ್ಲ. ನಮ್ಮ ಆಯಿ, ಅಪ್ಪನ ತಾಯಿ, ಬಾಗಿಲಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಅನುಮಾನದಿಂದಲೇ ನೋಡುತ್ತಿದ್ದಳು. ಹಿತ್ತಲ ತಿಪ್ಪೆಗೆ ದೀಪಾವಳಿಯಲ್ಲಿ ದೀಪ ಇಡುವವಳು ಅವಳು. ಮನೆಯ ಕಸ ಮನೆ ಬಿಟ್ಟು ಹೋದರೆ ಲಕ್ಷ್ಮಿಯೂ ಅದರ ಹಿಂದೆ ಹೋಗುತ್ತಾಳೆಂದು ನಂಬಿದ್ದಳು.

ಅಂಥ ಮನೆಯಲ್ಲಿ ನನ್ನ ಅಕ್ಕ ಗಿರಿಜಾ ಒಂದು ದಿನ, ಶಾಲೆಯ ಹಿಂದೆ ಮಕ್ಕಳೇ ಸೇರಿ ಎರೆಗೊಬ್ಬರದ ಗುಂಡಿ ಮಾಡುತ್ತೇವೆ, ಒಂದು ಬುಟ್ಟಿ ಸಗಣಿ ಬೇಕು ಎಂದಳು. ಆಯಿ ಕೊಡಲಿಲ್ಲ. "ಆ ಗೊಬ್ಬರ ಕಡೀಕ ಯಾರ ಹೊಲಕ್ಕ ಹೋಗ್ತೈತಿ, ಅದನ್ನ ಮೊದಲ ಕೇಳಿಕೊಂಡು ಬಾ" ಎಂದಳು. ಅಕ್ಕ ಬೇರೆ ಮನೆಗಳಿಂದ ಸಗಣಿ ತಂದಳು. ಗಳಗನಾಥದ ನಮ್ಮ ಸೋದರಮಾವನ ಹೊಲದಿಂದ ಡಬ್ಬಿಯಲ್ಲಿ ಎರೆಹುಳು ತಂದು ಬಿಟ್ಟಳು. ಮಕ್ಕಳೆಲ್ಲ ಮನೆಮನೆಯಿಂದ ಕಸ ತಂದು ಸುರಿದರು. ಸ್ವಲ್ಪ ದಿನಕ್ಕೆ ಹುಳುಗಳೆಲ್ಲ ಸತ್ತು ಒಣ ದಾರದಂತೆ ಬಿದ್ದಿದ್ದವು.

ಯಾರೋ ವಿಷ ಹಾಕಿದ್ದಾರೆ ಎಂಬ ಮಾತು ಹುಟ್ಟಿತು. ಆಯಿ ಶಾಲೆಯ ಗೋಡೆಯ ಮೇಲಿಂದ ಇಣುಕುತ್ತಿದ್ದುದನ್ನು ಅಕ್ಕನೇ ಕಂಡಿದ್ದಳು. ಅಂದಿನಿಂದ ಅಕ್ಕ, ಆಯಿ ಬಡಿದ ರೊಟ್ಟಿ ತಿನ್ನುವುದನ್ನು ಬಿಟ್ಟಳು. ಅವ್ವ ಆಯಿಯ ಕೈ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಆಯಿಗೆ ಎಲ್ಲ ತಿಳಿಯುತ್ತಿತ್ತು. ಅವಳು ರೊಟ್ಟಿ ಬಡಿಯುವ ಸಪ್ಪಳ ದಿನದಿನಕ್ಕೆ ಸಣ್ಣದಾಯಿತು.

ಪೇಟೆಗೆ ಜೋಳ ತಂದ ಮಾವ ತನ್ನ ಹುಳುಗಳನ್ನು ನೋಡಲು ಶಾಲೆಗೆ ಬಂದ. ಗುಂಡಿಗೆ ಬಗ್ಗಿದವನೇ ಸೀನತೊಡಗಿದ, ನಿಲ್ಲಿಸಲೇ ಇಲ್ಲ. ಕಣ್ಣೊರೆಸಿಕೊಂಡು, "ಇದೇನ ಗೊಬ್ಬರೋ, ಖಾರಪುಡಿನೋ? ನಿಮ್ಮೂರಾಗ ಯಾರಿಗೂ ಮೂಗ ಇಲ್ಲೇನಬೇ?" ಎಂದ. ಕೆದಕಿ ನೋಡಿದರೆ ಗುಂಡಿಯ ತುಂಬ ಮೆಣಸಿನಕಾಯಿಯ ತೊಟ್ಟು, ಬೀಜ, ಪುಡಿ. ಪ್ರತಿ ಮಗುವೂ ತನ್ನ ಮನೆಯಲ್ಲಿ ಹೇರಳವಾಗಿದ್ದುದನ್ನೇ ತಂದಿತ್ತು. ಊರಿಗೆ ಊರೇ ಅದರಲ್ಲಿ ಮುಳುಗಿದ್ದರಿಂದ ಯಾರಿಗೂ ಘಾಟು ಹತ್ತಿರಲಿಲ್ಲ.

ಸಂಜೆ ಅಕ್ಕ ಒಲೆಯ ಮುಂದೆ ಹೋಗಿ ಕುಳಿತಳು. ಆಯಿ ತಿರುಗಿ ನೋಡಲಿಲ್ಲ. "ಹುಳಾ ಹೆಂಗಿರ್ತಾವ ನೋಡಬೇಕಂತ ಹೋಗಿದ್ದೆ ಯವ್ವಾ. ನೀ ಅಷ್ಟ ಹೇಳ್ತಿದ್ದೆಲ್ಲ," ಎಂದಳು. ಆಮೇಲೆ ಬಿಸಿ ರೊಟ್ಟಿಯನ್ನು ಅಕ್ಕನ ತಾಟಿಗೆ ಹಾಕಿದಳು. ಅಕ್ಕ ಅಳುತ್ತಲೇ ತಿಂದಳು. ಮರುದಿನ ಹೊಸ್ತಿಲ ಬಳಿ ಒಂದು ಬುಟ್ಟಿ ಸಗಣಿ ಇತ್ತು. ಆ ಗೊಬ್ಬರ ಶಾಲೆಯ ಗಿಡಗಳಿಗೇ ಹೋಯಿತೋ ಇಲ್ಲವೋ ಎಂದು ಆಯಿ ಕಡೆಯವರೆಗೂ ವಿಚಾರಿಸುತ್ತಲೇ ಇದ್ದಳು.

ಆಯಿ ಹೋಗಿ ಬಹಳ ಕಾಲವಾಯಿತು. ತಿಪ್ಪೆಯಿದ್ದ ಜಾಗದಲ್ಲಿ ಈಗ ಯಾರದೋ ಗೋದಾಮು ಇದೆ. ಊರಲ್ಲೇ ಉಳಿದಿದ್ದ ಅಕ್ಕ ತೀರಿಕೊಂಡದ್ದು ಈ ಸುಗ್ಗಿಯಲ್ಲಿ. ಸುದ್ದಿ ಬಂದ ದಿನ ನಾನೀಗಿರುವ ರಾಣೆಬೆನ್ನೂರಿನಿಂದ ಹೊರಟು ಬ್ಯಾಡಗಿಯಲ್ಲಿ ಬಸ್ಸಿಳಿದೆ. ಇಳಿದ ಕೂಡಲೇ ಮೆಣಸಿನಕಾಯಿಯ ಘಾಟಿಗೆ ಸೀನು ಬಂತು, ಒಂದರ ಹಿಂದೆ ಒಂದು. ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದೆ. ಪಕ್ಕದಲ್ಲಿ ಚೀಲದ ಮೇಲೆ ಕುಳಿತಿದ್ದ ಹೆಂಗಸು ನಕ್ಕು ಕೇಳಿದಳು:

"ಯಾವೂರ್ರೀ ನಿಮ್ಮದು?"

ರಾಣೆಬೆನ್ನೂರು ಎಂದೆ.