ತಿಪ್ಪೇಶನ ಲಾರಿ ಏಕೆ ಹೊರಡಲಿಲ್ಲ

ನಾಲ್ಕು ವರ್ಷಗಳ ಹಿಂದೆ, ರಾಯದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ, ನಾನು ನನ್ನ ತಮ್ಮ ತಿಪ್ಪೇಶನಿಗೆ ಒಂದು ಸುಳ್ಳು ಹೇಳಿದೆ. ಕಂಪ್ಯೂಟರಿನಲ್ಲಿ ಅವನ ಲಾರಿ ಆಟ ತೆರೆಯದೇ ಇರುವುದಕ್ಕೆ ಅವನ ಕೈಯೇ ಕಾರಣ ಎಂದೆ. ಅವನ ಕೈ ಕಾರಣವಾಗಿರಲಿಲ್ಲ. ನಿಜವಾದ ಕಾರಣ ನನಗೆ ಗೊತ್ತಿತ್ತು — ಆ ಮಧ್ಯಾಹ್ನವೇ ಗೊತ್ತಾಗಿತ್ತು — ಗೊತ್ತಿದ್ದೇ ಹೇಳಿದೆ. ಒಂದು ಆಟದ ವಿಷಯಕ್ಕೆ ಇಷ್ಟು ದೊಡ್ಡ ಪೀಠಿಕೆ ಏಕೆ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಆಟ ತಾನೆ, ಹೋದರೆ ಹೋಯಿತು ಎಂದುಕೊಂಡೇ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ತಿಪ್ಪೇಶ ನನಗಿಂತ ಹದಿಮೂರು ವರ್ಷ ಚಿಕ್ಕವನು. ಏಳನೇ ತರಗತಿಗೆ ಪುಸ್ತಕ ಕಟ್ಟಿಟ್ಟು ಲಾರಿ ಹತ್ತಿದವನು. ಓಬಳಾಪುರದ ಕಡೆಯ ರಸ್ತೆಗಳಲ್ಲಿ ಗಾಡಿ ಕಲಿತ. ಆಮೇಲೆ ಶೇಂಗಾ, ಈರುಳ್ಳಿ, ಸಿಮೆಂಟು, ಸಿಕ್ಕಿದ್ದನ್ನೆಲ್ಲ ಹೊತ್ತು ಇಪ್ಪತ್ತು ವರ್ಷ ಓಡಾಡಿದ. ಮನೆಯಲ್ಲಿ ಒಂದು ಕಡೆ ಕೂರಲಾರದವನು, ಸ್ಟೇರಿಂಗ್ ಹಿಂದೆ ಮಾತ್ರ ಗಂಟೆಗಟ್ಟಲೆ ಕೂರುತ್ತಿದ್ದ. ಏಳು ವರ್ಷಗಳ ಹಿಂದೆ, ಶೇಂಗಾ ತುಂಬಿದ ಲಾರಿ ಒಂದು ಘಾಟಿಯ ಇಳಿಜಾರಿನಲ್ಲಿ ಮಗುಚಿಬಿತ್ತು. ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಸೊಂಟ ಮುರಿಯಿತು. ಕೈ ಎರಡೂ ಗಟ್ಟಿಯಾಗಿ ಉಳಿದವು.

ಬ್ರೇಕ್ ಹಿಡಿಯಲಿಲ್ಲ ಎಂದು ಅವನು ಹೇಳಿದ. ಯಾರೂ ನಂಬಲಿಲ್ಲ. ಲಾರಿಯ ಮಾಲೀಕರು ನಂಬಲಿಲ್ಲ, ನೋಡಲು ಬಂದ ನೆಂಟರೂ ನಂಬಲಿಲ್ಲ. ನಿದ್ದೆಗಣ್ಣಿನಲ್ಲಿದ್ದ, ಕೈ ತಪ್ಪಿತು — ಡ್ರೈವರ್ ಮೇಲೆ ಹಾಕಿದರೆ ಎಲ್ಲರ ಕೆಲಸವೂ ಮುಗಿಯಿತಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ಅವನು ಛಾವಣಿ ನೋಡುತ್ತ ಮಲಗಿದ್ದಾಗ ನಾನು ಅವನ ಕೈ ಹಿಡಿದು ಹೇಳಿದ್ದೆ: “ನಿನ್ನ ಕೈದೇನೂ ತಪ್ಪಿಲ್ಲ ತಿಪ್ಪೇಶಿ. ಗಾಡೀದ ತಪ್ಪು.” ಆ ಒಂದು ಮಾತು ಹಿಡಿದುಕೊಂಡೇ ಅವನು ಎದ್ದು ಕೂತ. ಯಾರಾದರೂ ಅಪಘಾತದ ಮಾತೆತ್ತಿದರೆ, “ನಮ್ಮಣ್ಣನ್ನ ಕೇಳ್ರಿ” ಎನ್ನುತ್ತಿದ್ದ. ಅಣ್ಣ ಮೇಷ್ಟ್ರು, ಅಣ್ಣ ಸುಳ್ಳು ಹೇಳುವುದಿಲ್ಲ.

ಇನ್ನು ನಾನು. ನಾನು ಕನ್ನಡ ಮೇಷ್ಟ್ರಾಗಿದ್ದೆ — ಆಂಧ್ರದೊಳಗಿನ ಕನ್ನಡ ಶಾಲೆಯ ಕನ್ನಡ ಮೇಷ್ಟ್ರು ಎಂದರೆ ಬೇರೆ ಕಡೆಯವರಿಗಿಂತ ಒಂದು ಗುಲಗಂಜಿ ಹೆಚ್ಚೇ ಕನ್ನಡ ಮೇಷ್ಟ್ರು. ಅಂಗಡಿಯ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಒಳಗೆ ಹೋಗಿ ಹೇಳಿಯೇ ಮುಂದೆ ಹೋಗುತ್ತಿದ್ದವನು. ನನ್ನನ್ನು ಕಂಡು ಷಟರ್ ಎಳೆಯುವುದೊಂದನ್ನು ಮಾತ್ರ ಅಂಗಡಿಯವರು ಮಾಡಿರಲಿಲ್ಲ. ಕಂಪ್ಯೂಟರನ್ನು ನಡೆಸುವುದಕ್ಕೆ ವಿಂಡೋಸ್‌ನಂತೆಯೇ ಲಿನಕ್ಸ್ ಎಂಬುದೊಂದಿದೆ, ಅದು ಯಾರೊಬ್ಬರ ಸೊತ್ತೂ ಅಲ್ಲ, ಅದನ್ನು ಇಡಿಯಾಗಿ ಕನ್ನಡದಲ್ಲೇ ಇಟ್ಟುಕೊಳ್ಳಬಹುದು ಎಂದು ತಿಳಿದಾಗ ನನಗೆ ಹುಚ್ಚೇ ಹಿಡಿಯಿತು. ಹಳೆಯ ಲ್ಯಾಪ್‌ಟಾಪ್ ಒಂದನ್ನು ತಂದು ಅದನ್ನು ಹಾಕಿದೆ. ಒಳಗಿನ ಒಂದೊಂದು ಫೋಲ್ಡರಿಗೂ ಕೂತು ಕನ್ನಡದ ಹೆಸರಿಟ್ಟೆ. ನನ್ನ ಹಳೆಯ ಗೆಳೆಯರಾದ ನಮ್ಮ ಶಾಲೆಯ ತೆಲುಗು ಮೇಷ್ಟ್ರು ಸಂಜೆ ಚಹಾಕ್ಕೆ ಬಂದು ಕಾಲೆಳೆಯುತ್ತಿದ್ದರು: “ಅಲ್ರಿ ಸಾರ್, ಕನ್ನಡದಾಗ ಹೇಳಿದ್ರ ಕಂಪ್ಯೂಟರ್ ಕೇಳ್ತೈತೇನ್ರಿ? ನಮ್ಮ ಹುಡುಗರ ಕೇಳಂಗಿಲ್ಲ!” ನಾನು ಪಂಥಕ್ಕೆ ಬಿದ್ದೆ. ನಮ್ಮ ಕನ್ನಡ ಸಂಘದ ವಾರ್ಷಿಕ ಸಭೆಯಲ್ಲಿ, ಇಂಗ್ಲಿಷಿನ ಒಂದಕ್ಷರವೂ ಕಾಣದ ಕಂಪ್ಯೂಟರನ್ನು ನಡೆಸಿ ತೋರಿಸುತ್ತೇನೆ ಎಂದು ಹೇಳಿಬಿಟ್ಟೆ.

ಅದೇ ದಿನಗಳಲ್ಲಿ ತಿಪ್ಪೇಶನ ಹಳೆಯ ಲಾರಿ ಗೆಳೆಯನೊಬ್ಬ ಅವನಿಗಾಗಿ ಒಂದು ಆಟದ ಡಿಸ್ಕನ್ನೂ ಮೇಜಿಗೆ ಬಿಗಿಯುವ ಪ್ಲಾಸ್ಟಿಕ್ ಸ್ಟೇರಿಂಗನ್ನೂ ತಂದುಕೊಟ್ಟ. ಲಾರಿ ಓಡಿಸುವ ಆಟ. ಡಬ್ಬಿಯ ಮೇಲಿನ ಚಿತ್ರವನ್ನು ತಿಪ್ಪೇಶ ಎಷ್ಟು ಹೊತ್ತು ನೋಡಿದನೋ! ಅಪಘಾತವಾದ ಮೇಲೆ ಅವನು ಏನನ್ನಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು. “ಅಣ್ಣ, ಇದನ್ನೊಂದು ಹಾಕ್ಕೊಡು. ಒಂದು ಲೋಡ್ ಹೊಡ್ಕೊಂಡು ಬರ್ತೀನಿ.”

ಹಾಕಿದೆ. ತೆರೆಯಲಿಲ್ಲ. ಒತ್ತಿದರೆ ಪರದೆ ಒಂದು ಕ್ಷಣ ಕಪ್ಪಾಗುತ್ತಿತ್ತು, ಮತ್ತೆ ಮೊದಲಿನಂತೆ. ಅದು ವಿಂಡೋಸ್‌ಗಾಗಿ ಮಾಡಿದ ಆಟ. ಲಿನಕ್ಸಿನಲ್ಲಿ ನಡೆಸಬೇಕಾದರೆ ನಡುವೆ ಇನ್ನೊಂದು ತಂತ್ರಾಂಶವನ್ನು ಕೂರಿಸಬೇಕು — ನಮ್ಮ ಸಂತೆಯಲ್ಲಿ ಎರಡೂ ಭಾಷೆ ಬಲ್ಲ ದಲ್ಲಾಳಿ ಇದ್ದ ಹಾಗೆ. ಅದನ್ನು ಕೂರಿಸಿದೆವು. ಆಗಲೂ ಇಲ್ಲ. ಮೂರು ವಾರ ಅಣ್ಣತಮ್ಮ ಇಬ್ಬರೂ ಅದರ ಹಿಂದೆ ಬಿದ್ದೆವು. ಈಗ ನೆನೆದರೆ ಅವೇ ನಮ್ಮ ಒಳ್ಳೆಯ ದಿನಗಳು. ಕೆಟ್ಟು ನಿಂತ ಲಾರಿಯನ್ನು ನೋಡುವಂತೆಯೇ ತಿಪ್ಪೇಶ ಅದನ್ನೂ ನೋಡುತ್ತಿದ್ದ. ಮೊದಲು ಬ್ಯಾಟರಿ, ಆಮೇಲೆ ಡೀಸೆಲ್, ಆಮೇಲೆ ಸೆಲ್ಫ್ ಸ್ಟಾರ್ಟರ್ — ಒಂದಾದ ಮೇಲೊಂದು, ಎರಡನ್ನು ಒಟ್ಟಿಗೆ ಬಿಚ್ಚಬಾರದು ಎಂಬುದು ಅವನ ನೇಮ. ಇವತ್ತು ಏನು ಬದಲಿಸಿದೆವು, ಏನಾಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಚಿತ್ರ ತೋರಿಸುವ ಕಾರ್ಡನ್ನು ನಡೆಸುವ ‘ಡ್ರೈವರ್’ ಎಂಬ ತಂತ್ರಾಂಶ ಸಿಗುತ್ತಿಲ್ಲ ಎಂದು ಒಮ್ಮೆ ಪರದೆ ಹೇಳಿದಾಗ, ಹೊಟ್ಟೆ ಹಿಡಿದು ನಕ್ಕ: “ಡ್ರೈವರ್ ಇಲ್ಲಂತಣ್ಣ! ಇಲ್ಲೇ ಕುಂತೀನಲ್ಲೋ!” ಅದನ್ನೂ ಹಾಕಿದೆವು. ಪರದೆ ಮತ್ತೆ ಕಪ್ಪು.

ಒಂದು ದಿನ, ಆಟವನ್ನು ಐಕಾನಿನಿಂದ ತೆರೆಯುವ ಬದಲು ಟರ್ಮಿನಲ್‌ನಿಂದ, ಎಂದರೆ ಆಜ್ಞೆಯನ್ನು ಟೈಪ್ ಮಾಡಿ ತೆರೆಯಲು ನೋಡಿದೆವು. ಹಾಗೆ ಮಾಡಿದರೆ ಎಲ್ಲಿ ಮುಗ್ಗರಿಸಿತು ಎಂದು ಸಾಲುಸಾಲಾಗಿ ಬರೆದು ತೋರಿಸುತ್ತದೆ. ಇಂಗ್ಲಿಷ್ ಬಾರದ ತಿಪ್ಪೇಶ ಆ ಸಾಲುಗಳ ಮೇಲೆ ಬೆರಳಾಡಿಸುತ್ತ ಒಂದು ಕಡೆ ಬೆರಳು ನಿಲ್ಲಿಸಿದ. “ಅಣ್ಣ, ಇಲ್ಲಿ ನೋಡು. ನೀನಿಟ್ಟ ಹೆಸರು ಬರಬೇಕಾದಲ್ಲೆಲ್ಲ ಪ್ರಶ್ನೆ ಗುರ್ತು ಬಂದಾವ. ಅದಕ್ಕ ನಮ್ಮ ಅಕ್ಷರ ಗೊತ್ತಾಗವಲ್ದು. ಇದೊಂದು ಫೋಲ್ಡರಿನ ಹೆಸರು ಇಂಗ್ಲಿಷಿನಾಗ ಇಟ್ಟು ನೋಡೋಣೇನು?”

ನಾನು ಸಿಟ್ಟಾದೆ. ಏಳನೇ ತರಗತಿ ಓದಿದವನು ನನಗೆ ಹೇಳಿಕೊಡುವುದೇ ಎಂಬುದು ಒಂದು. ಕನ್ನಡವನ್ನು ತೆಗೆದರೆ ಸರಿಹೋಗುತ್ತದೆ ಎಂದನಲ್ಲ ಎಂಬುದು ಇನ್ನೊಂದು. “ಹೆಸರಿಗೂ ಆಟಕ್ಕೂ ಏನೋ ಸಂಬಂಧ? ಲಾರಿ ಮೇಲೆ ಯಾವ ಹೆಸರು ಬರೆಸಿದರೇನು, ಓಡುವುದಿಲ್ಲವೇನು?” ಎಂದೆ. ಅಣ್ಣ ಹೇಳಿದ ಮೇಲೆ ಮುಗಿಯಿತು.

ಸಭೆಗೆ ಇನ್ನು ಐದು ದಿನವಿತ್ತು. ಅವನು ತಪಾಸಣೆಗೆಂದು ಬಳ್ಳಾರಿಗೆ ಹೋಗಿದ್ದ ಮಧ್ಯಾಹ್ನ, ನಾನೊಬ್ಬನೇ ಕೂತು, ಆಟವನ್ನು ಇಂಗ್ಲಿಷ್ ಹೆಸರಿನ ಬೇರೊಂದು ಫೋಲ್ಡರಿಗೆ ನಕಲು ಮಾಡಿದೆ. ಒತ್ತಿದೆ. ಪರದೆ ಕಪ್ಪಾಯಿತು — ಆಮೇಲೆ ರಸ್ತೆ ಬಂತು, ಗುಡ್ಡ ಬಂತು, ಕೆಂಪು ಲಾರಿಯೊಂದು ಗುಡುಗುಡು ಎನ್ನುತ್ತ ನಿಂತಿತು. ತಿಪ್ಪೇಶ ಹೇಳಿದ್ದೇ ಸರಿ. ನನಗೆ ಸಂತೋಷವಾಗಬೇಕಿತ್ತು. ಆದದ್ದು ಭಯ. ತಿಪ್ಪೇಶನ ಬಾಯಿ ನಿಲ್ಲುವುದಲ್ಲ. ಗೊತ್ತಾದರೆ ಸಂಜೆ ಚಹಾದ ಹೊತ್ತಿಗೇ ತೆಲುಗು ಮೇಷ್ಟ್ರ ಮುಂದೆ, ‘ಕನ್ನಡ ತಗದ ಮ್ಯಾಲ ಓಡಿತು ನೋಡ್ರಿ’ ಎಂದು ಕೇಕೆ ಹಾಕುತ್ತಾನೆ. ಸಭೆಯಲ್ಲಿ ನನ್ನ ಮುಖ ಏನಾಗಬೇಕು? ತಪ್ಪು ಕನ್ನಡದ್ದಲ್ಲ, ನಮ್ಮಂಥವರೂ ಇದ್ದೇವೆ ಎಂದು ಎಣಿಸದೆ ಆಟ ಮಾಡಿದವರದು. ಅಷ್ಟನ್ನು ಬಿಡಿಸಿ ಹೇಳಿದ್ದರೆ ತೆಲುಗು ಮೇಷ್ಟ್ರೂ ಒಪ್ಪುತ್ತಿದ್ದರು. ಆದರೆ ಆ ಮಧ್ಯಾಹ್ನ ನನಗೆ ಕಂಡದ್ದು ನನ್ನ ಮುಖವೊಂದೇ. ನಕಲನ್ನು ಅಳಿಸಿಹಾಕಿದೆ.

ಸಂಜೆ ಅವನು ಬಂದ. ಗಾಲಿಕುರ್ಚಿ ಇನ್ನೂ ಹೊಸ್ತಿಲು ದಾಟಿರಲಿಲ್ಲ, “ಏನಾತಣ್ಣ? ಏನರ ಗೊತ್ತಾತೇನು?” ಎಂದ.

ನಾನು ಅವನ ಕಡೆ ನೋಡದೆ ಹೇಳಿದೆ: “ನೀನು ಮೊನ್ನೆ ಏನೇನೋ ಒತ್ತಿದ್ದಿ ನೋಡು, ಒಳಗೆಲ್ಲ ಕೆಟ್ಟುಹೋಗೈತಿ. ಇನ್ನು ಆಗಂಗಿಲ್ಲ. ನಿನ್ನ ಕೈಯಿಂದಾನ ಕೆಟ್ಟಿದ್ದು.”

ಇಷ್ಟಕ್ಕೇ ನಿಂತಿದ್ದರೂ... ನಿಲ್ಲಲಿಲ್ಲ. ತಿಪ್ಪೇಶ ತನ್ನ ಅಂಗೈ ನೋಡಿಕೊಂಡ. ಆಮೇಲೆ, ಮೆಲ್ಲಗೆ ಕೇಳಿದ.

“ಹಂಗಾರ, ಅವತ್ತೂ ನನ್ನ ಕೈಯೇ ಏನೋ ಅಣ್ಣ? ಘಾಟ್‌ನಾಗ?”

ಅವನು ಏನು ಕೇಳುತ್ತಿದ್ದಾನೆ ಎಂದು ನನಗೆ ಅರ್ಥವಾಗಲಿಲ್ಲ ಎಂದು ಹೇಳಲಾರೆ. ಚೆನ್ನಾಗಿ ಅರ್ಥವಾಯಿತು. ಇಲ್ಲ ಎಂದರೆ, ಹಾಗಾದರೆ ಇದು ಹೇಗೆ ಎಂಬ ಮಾತು ಬರುತ್ತದೆ. ಮಾತು ಬೆಳೆದರೆ ನನ್ನ ಕಳ್ಳತನ ಹೊರಬೀಳುತ್ತದೆ. “ಯಾರಿಗ್ಗೊತ್ತಪಾ” ಎಂದೆ. ಎದ್ದು ಒಳಗೆ ಹೋದೆ.

ಸಭೆ ನಡೆಯಿತು. ಒಂದಕ್ಷರ ಇಂಗ್ಲಿಷ್ ಇಲ್ಲದ ಕಂಪ್ಯೂಟರ್ ನೋಡಿ ಜನ ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ತೆಲುಗು ಮೇಷ್ಟ್ರು ದೊಡ್ಡ ಮನಸ್ಸಿನಿಂದ ಸೋಲೊಪ್ಪಿಕೊಂಡರು. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕೂತ ತಿಪ್ಪೇಶ ಚಪ್ಪಾಳೆ ತಟ್ಟಲಿಲ್ಲ — ಹೊಟ್ಟೆಕಿಚ್ಚಿಗಲ್ಲ, ಅವನ ಜಾತಕದಲ್ಲೇ ಅದಿಲ್ಲ. ಕೈಯೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಪ್ಲಾಸ್ಟಿಕ್ ಸ್ಟೇರಿಂಗನ್ನು ಹಿಂದಿನ ದಿನವೇ ತಾನೇ ಬಿಚ್ಚಿ ಡಬ್ಬಿಗೆ ಹಾಕಿದ್ದ. ಆ ನೋಟ್‌ಬುಕ್ಕು ಆಮೇಲೆ ನನ್ನ ಕಣ್ಣಿಗೆ ಬೀಳಲಿಲ್ಲ.

ಮುಂದಿನ ವರ್ಷ ನನ್ನ ತಂಗಿ, ತಿಪ್ಪೇಶನ ಅಕ್ಕ, ಶಾಂತಮ್ಮ ಅವನನ್ನು ಮಡಕಶಿರಾಕ್ಕೆ ಕರೆದುಕೊಂಡು ಹೋದಳು. ಗಾಳಿ ಬದಲಾಗಲಿ ಎಂದು ಹೋದವನು ಅಲ್ಲೇ ಉಳಿದ. ನಾನು ನಿವೃತ್ತನಾದೆ. ಹೋದ ತಿಂಗಳು ಶಾಂತಮ್ಮ ಫೋನ್ ಮಾಡಿದಳು. ಮದುವೆಯಾಗಿ ಮಡಕಶಿರಾ ಸೇರಿ ಮೂವತ್ತು ವರ್ಷವಾಯಿತು, ಅವಳ ಮಾತೂ ಪೂರ್ತಿ ಅಲ್ಲಿಯದೇ ಆಗಿದೆ. “ಮೊಮ್ಮಗೂನ ಒಂದ್ಗಳಿಗೆ ಎತ್ಕಳಪ್ಪ ಅಂದ್ರೆ ಎತ್ಕಳಲ್ಲ ಕಣಣ್ಣ. ಮಗು ಅವ್ನ ಹತ್ರಕ್ಕೇ ಅಂಬೆಗಾಲಿಕ್ಕಂಡು ಹೋಗ್ತದೆ, ಇವ್ನು ಕೈ ಹಿಂದಕ್ಕೆ ಎಳ್ಕಂತಾನೆ. ‘ನನ್ ಕೈ ಸರಿ ಇಲ್ಲಕ್ಕ, ಬೀಳಿಸ್ಬಿಡ್ತೀನಿ’ ಅಂತಾನೆ. ಡಾಕ್ಟ್ರು ನೋಡಿ ಕೈಗೇನೂ ಆಗಿಲ್ಲ ಅಂದ್ರು. ಯಾಕಣ್ಣ ಹಿಂಗೆ?”

ಯಾಕೆ ಎಂಬುದು ಈ ಲೋಕದಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಫೋನ್ ಇಟ್ಟು, ಆಟವನ್ನು ಮತ್ತೆ ಇಂಗ್ಲಿಷ್ ಹೆಸರಿನ ಫೋಲ್ಡರಿಗೆ ನಕಲು ಮಾಡಿದೆ. ಆಟ ತಾನೆ ಎಂದುಕೊಂಡಿದ್ದೆನಲ್ಲ! ಮಾರನೆಯ ದಿನ ಹಳೆಯ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಮಡಕಶಿರಾ ಬಸ್ಸು ಹತ್ತಿದೆ.

ನಾನು ಹೋದಾಗ ಶಾಂತಮ್ಮ ಹಿತ್ತಿಲಲ್ಲಿ ರೇಷ್ಮೆ ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದಳು. ತಿಪ್ಪೇಶ ಜಗಲಿಯಲ್ಲಿದ್ದ. ಗಡ್ಡ ಬೆಳ್ಳಗಾಗಿತ್ತು. ಲ್ಯಾಪ್‌ಟಾಪನ್ನು ಅವನ ಮುಂದಿಟ್ಟು ಒತ್ತಿದೆ. ಕೆಂಪು ಲಾರಿ ಗುಡುಗುಡು ಎಂದಿತು. ಅವನ ಮುಖ ಅರಳಿದ್ದನ್ನು ನೋಡಿದೆ — ಸುಳ್ಳಲ್ಲ, ಒಂದು ಗಳಿಗೆ ನನ್ನ ಹಳೆಯ ತಿಪ್ಪೇಶ ಅಲ್ಲಿ ಕೂತಿದ್ದ. ಮುಂದಕ್ಕೆ ಬಂದ ಕೈಯನ್ನು ಅವನೇ ಹಿಂದಕ್ಕೆ ತೆಗೆದುಕೊಂಡ.

“ನೀನ ಓಡ್ಸಣ್ಣ. ನಾ ಮುಟ್ಟಿದ್ರ ಮತ್ತ ಕೆಡತೈತಿ.”

ಆಗ ಹೇಳಿದೆ. ಎಲ್ಲವನ್ನೂ ಹೇಳಿದೆ. ಪ್ರಶ್ನಾರ್ಥಕ ಚಿಹ್ನೆಗಳನ್ನು ನೋಡಿ ನೀನು ಹೇಳಿದ್ದೇ ಸರಿಯಾಗಿತ್ತು, ನೀನು ಬಳ್ಳಾರಿಗೆ ಹೋದ ದಿನವೇ ನನಗೆ ಗೊತ್ತಾಯಿತು, ನನ್ನ ಮಾನ ಉಳಿಸಿಕೊಳ್ಳಲು ನಿನ್ನ ಮೇಲೆ ಹಾಕಿದೆ ಎಂದೆ. ನಿನ್ನ ಕೈ ಅವತ್ತೂ ಸರಿಯಿತ್ತು, ಘಾಟಿಯಲ್ಲೂ ಸರಿಯಿತ್ತು, ಅಲ್ಲಿ ತಪ್ಪಿದ್ದು ಬ್ರೇಕು ಎಂದೆ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಬೈಯಲಿಲ್ಲ. ಪರದೆಯ ಮೇಲಿನ ಲಾರಿಯನ್ನೇ ನೋಡುತ್ತ, ಸಿಟ್ಟಿಲ್ಲದೆ, ನಿಜಕ್ಕೂ ತಿಳಿದುಕೊಳ್ಳಬೇಕೆಂದು ಕೇಳಿದ.

“ದವಾಖಾನ್ಯಾಗ ಒಂದು ಹೇಳ್ದಿ. ಮನ್ಯಾಗ ಒಂದು ಹೇಳ್ದಿ. ಈಗೊಂದು ಹೇಳಾಕತ್ತಿ. ನಾ ಯಾವ್ದನ್ನ ಖರೇ ಅಂತ ತಿಳ್ಕೊಳ್ಳಲಣ್ಣ?”

ಆ ಇಳಿಜಾರಿನಲ್ಲಿ ನಾನಿರಲಿಲ್ಲ. ಬ್ರೇಕನ್ನು ಕಣ್ಣಾರೆ ನೋಡಿದವನೂ ಅಲ್ಲ. ತಮ್ಮನ ಮಾತನ್ನು ನಂಬಿದ್ದೆ, ಅಷ್ಟೇ. ಅವನಿಗಿದ್ದ ಸಾಕ್ಷಿ ಅದೊಂದೇ. ಅವನ ಕೈ ಸರಿಯಿದೆ ಎಂದು ಯಾರು ಹೇಳಿದರೆ ಅವನು ನಂಬುತ್ತಿದ್ದನೋ ಅಂಥ ಮನುಷ್ಯ ಒಬ್ಬನೇ ಇದ್ದ, ಅದು ನಾನು. ನಾಲ್ಕು ವರ್ಷ ತಡಮಾಡಿ ನಿಜ ಹೇಳಿದ ನಾನು, ಆ ಮನುಷ್ಯ ಸುಳ್ಳುಗಾರ ಎಂಬುದನ್ನೂ ಅವನಿಗೆ ತಿಳಿಸಿದ್ದೆ.

ಈ ಸಲದ ಸಂಘದ ಸಭೆಯಲ್ಲಿ, ಅದೇ ಜನರ ಮುಂದೆ, ಇದನ್ನು ಓದುತ್ತೇನೆ. ಕಾರಣ ಕಂಡುಹಿಡಿದವನು ತಿಪ್ಪೇಶ, ಮುಚ್ಚಿಟ್ಟವನು ನಾನು ಎಂದು ಹೇಳುತ್ತೇನೆ. ಅದರಿಂದ ಅವನು ಆ ಮಗುವನ್ನು ಎತ್ತಿಕೊಳ್ಳುತ್ತಾನೆಯೇ? ಗೊತ್ತಿಲ್ಲ. ನನ್ನನ್ನು ನಂಬು ಎಂದು ಅವನನ್ನು ನಾನಿನ್ನು ಕೇಳುವಂತಿಲ್ಲ.