ಕುಸುಬಿ ಎಣ್ಣೆ ಕುಡಿದ ತಂಬೂರಿ

ನಮ್ಮ ಅತ್ತೆಯ ಕಣ್ಣಿಗೆ ಮನೆಯ ಯಾವ ಕಟ್ಟಿಗೆ ಸಾಮಾನೂ ಒಣಗಿ ಕಾಣಬಾರದು. ಶುಭಕಾರ್ಯ ಬಂತೆಂದರೆ ಹೊಸ್ತಿಲು, ಲಟ್ಟಣಿಗೆ, ಒನಕೆ ಎಲ್ಲಕ್ಕೂ ಕುಸುಬಿ ಎಣ್ಣೆಯ ಅಭ್ಯಂಜನ. ಸ್ವಲ್ಪ ಹೊತ್ತು ಕದಲದೆ ಕೂತರೆ ನನಗೂ ಹಚ್ಚಿಬಿಟ್ಟಾರು ಎಂದು ಗಂಡನ ಮುಂದೆ ಹೇಳಿ ನಗುತ್ತಿದ್ದೆ. ಅತ್ತೆ ತಮ್ಮ ತವರು ಚೌಡಾಪುರಕ್ಕೆ ತೊಟ್ಟಿಲ ಕಾರ್ಯಕ್ಕೆ ಹೊರಡುವ ಹಿಂದಿನ ದಿನವೂ ಎಣ್ಣೆ ಬಟ್ಟಲು ಹಿಡಿದು ಓಡಾಡುತ್ತಿದ್ದರು. ನಾನು ರೊಟ್ಟಿ ಬಡಿಯುವುದರಲ್ಲಿದ್ದೆ, ಅತ್ತ ನೋಡಲಿಲ್ಲ.

ಕಾರ್ಯ ಅತ್ತೆಯ ಅಣ್ಣನ ಮನೆಯಲ್ಲಿ. ಅವರ ಮಗಳ ಕೂಸಿಗೆ ಹೆಸರಿಡುವುದಿತ್ತು. ಹುಡುಗಿಯಾಗಿದ್ದಾಗ ಅತ್ತೆ ಬಲು ಚಂದ ಹಾಡುತ್ತಿದ್ದರಂತೆ. "ಮಂದ್ಯಾಗ ಬಾಯಿ ತಗೀಬ್ಯಾಡ" ಎಂದು ಬಾಯಿ ಮುಚ್ಚಿಸಿದವರು ಈ ಅಣ್ಣನೇ. ನಮ್ಮೂರು ಕಿಣ್ಣಿ ಸುಲ್ತಾನಕ್ಕೆ ಸೊಸೆಯಾಗಿ ಬಂದು, ಮೊಮ್ಮಕ್ಕಳನ್ನು ಕಂಡ ಮೇಲೆ ಅತ್ತೆ ಓಣಿಯ ಹೆಂಗಸರ ಜೊತೆ ಭಜನೆಗೆ ಕೂತರು. ಈಗ ನಮ್ಮ ಮೇಳಕ್ಕೆ ಅವರೇ ಮುಂದು. ತವರಲ್ಲಿ ಮಾತ್ರ ಒಂದು ಸಲವೂ ಹಾಡಿರಲಿಲ್ಲ. ಈ ಸಲ ಫೋನಿನಲ್ಲೇ ಪಟ್ಟು ಹಿಡಿದರು: "ತೊಟ್ಟಿಲದ ಮೊದಲ ಹಾಡು ನಂದು, ಅಣ್ಣ."

"ಆತು," ಎಂದರು ಅವರು. "ಆದ್ರ ಜೇವರ್ಗಿ ಬೀಗರು ತಮ್ಮ ಮೇಳ ಕರ್ಕೊಂಡು ಬರ್ತಾರ. ಕೂಸಿನ್ನ ತೊಟ್ಟಿಲಿಗೆ ಹಾಕೂ ಹೊತ್ತಿಗೆ ನಿಮ್ದು ತಯಾರ ಇರ್ಲಿಲ್ಲಂದ್ರ ಅವರು ಸುರು ಮಾಡ್ತಾರ ನೋಡು. ನನ್ನ ಮಾನ ಕಳೀಬ್ಯಾಡ."

ಪ್ರಯಾಣಕ್ಕೆಂದು ತಂಬೂರಿಯ ತಂತಿ ಸಡಿಲಿಸಿ ಮೊದಲೇ ಗೋಡೆಗೆ ಒರಗಿಸಿಟ್ಟಿದ್ದೆ. ಬಸ್ಸಿನಲ್ಲಿ ಅದನ್ನು ಸೀಟಿನ ಮೇಲೆ ಕೂರಿಸಿ, ಅತ್ತೆಯೂ ಸೇರಿ ಮೇಳದ ನಾವು ನಾಲ್ವರು ಹೆಂಗಸರು ನಿಂತುಕೊಂಡು, ಕಂಡದ್ದಕ್ಕೆಲ್ಲ ಕಿಸಿಕಿಸಿ ನಗುತ್ತ ಚೌಡಾಪುರ ಮುಟ್ಟಿದೆವು.

ತಂಬೂರಿ ನುಡಿಸುವವಳು ನಾನು. ಹಂದರದ ಕೆಳಗೆ ಕೂತು, ತಂತಿ ಬಿಗಿಯುವ ಕಟ್ಟಿಗೆ ಗೂಟಗಳಲ್ಲಿ ಮೊದಲ ಬಿರಡೆಯನ್ನು ತಿರುಗಿಸಿದೆ. ತಂತಿ ಸ್ವರಕ್ಕೆ ಏರಿತು. ಕೈ ಬಿಟ್ಟೆ. ಸರ್ರನೆ ಜಾರಿ 'ಡುಂಯ್' ಎಂದು ಇಳಿಯಿತು. ಎರಡನೆಯದಕ್ಕೂ ಅದೇ ರೋಗ. ಮೂರನೆಯದನ್ನು ಹಲ್ಲು ಕಚ್ಚಿ ಒತ್ತಿ ತಿರುಗಿಸಿದೆ, ಅದೂ ಡುಂಯ್! ತಾಳದವಳು ಸೆರಗು ಬಾಯಿಗೆ ತುರುಕಿಕೊಂಡಳು. ನನಗೋ ಸಿಟ್ಟು ಬಂದಾಗಲೇ ನಗು ಬರುವ ಹಾಳು ಚಾಳಿ. ಭುಜ ಕುಣಿಯತೊಡಗಿತು.

ಜೇವರ್ಗಿ ಮೇಳದ ಹಾರ್ಮೋನಿಯಂ ಪೇಟಿಯವ ಗಂಟಲು ಸರಿಮಾಡಿಕೊಂಡು, "ಮೊಬೈಲಿನ್ಯಾಗ ಶ್ರುತಿ ಹಚ್ಚಿ ಕೊಡ್ಲೇನ್ರಿ ಅಕ್ಕಾರ?" ಎಂದ.

"ನಿಮ್ಮ ಮೊಬೈಲು ನಿಮ್ಮ ಕಿಸೆದಾಗ ಇರ್ಲಿ ಬಿಡ್ರಿ!" ಎಂದೆ.

ಅತ್ತೆ ನನ್ನ ಕಿವಿಯ ಹತ್ತಿರ ಬಾಗಿದರು. "ಇನ್ನಾ ಒಂದೀಟು ಎಣ್ಣಿ ಬಿಟ್ರ ಸಲೀಸ ಆಗ್ತದೇನ?"

"ಇನ್ನಾ ಒಂದೀಟು? ಅತ್ತಿ, ಇದಕ್ಕೂ ಹಚ್ಚೀರೇನ್ರಿ?"

"ಹಚ್ಚಲಾರದ ಬಿಡ್ತೇನೇನು? ಗೂಟ ಒಂದೊಂದೇ ಕಿತ್ತು ತೂತಿನ್ಯಾಗೂ ಬಿಟ್ಟೇನಿ. ಪಾಪ, ಒಣಗಿ ಹೋಗಿತ್ತು."

ಶಿವನೇ! ನಾವು ಮೂವರೂ ಒಬ್ಬರ ಮೈಮೇಲೊಬ್ಬರು ಬಿದ್ದು ನಕ್ಕೆವು. ಕಣ್ಣೀರು ಬಂತು. ಕಣ್ಣು ಒರೆಸಿಕೊಂಡು ನೋಡಿದರೆ ಅತ್ತೆ ನಗುತ್ತಿರಲಿಲ್ಲ. "ಹಂಗಾರ ನಾ ಹಾಡೂದು ಹೋತಲ್ಲ," ಎಂದರು.

ಬಿರಡೆಗಳನ್ನು ಕಿತ್ತು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದೆ. ಜಾರುವ ಬಿರಡೆಗೆ ಖಡುವಿನ, ಅಂದರೆ ಸೀಮೆಸುಣ್ಣದ, ಪುಡಿ ಸವರಿದರೆ ಹಿಡಿತ ಬರುತ್ತದೆ. ಆದರೆ ಕೂಸಿನ ಮನೆಯಲ್ಲಿ, ಬರೆಯುವ ಖಡು ಎಲ್ಲಿ ಸಿಗಬೇಕು? ಒಳಗೆ ಆಗಲೇ ಕೂಸಿಗೆ ಕುಲಾಯಿ ಕಟ್ಟುತ್ತಿದ್ದರು. ಅಷ್ಟರಲ್ಲಿ ಅತ್ತೆಯ ದೃಷ್ಟಿ ಅಣ್ಣನ ಹಣೆಯ ಮೇಲೆ ಹೋಯಿತು. ಬೆಳ್ಳಗೆ, ಒಣಗಿದ ಮೂರು ಪಟ್ಟೆ.

"ಅಣ್ಣ, ನಿನ್ನ ವಿಭೂತಿ ಗಟ್ಟಿ ಕೊಡು."

"ಯಾಕ?"

"ಗೂಟಕ್ಕ ತಿಕ್ಕಾಕ."

"ತಲಿ ಗಿಲಿ ಕೆಟ್ಟದೇನ್ ಬೇ? ಬೀಗರು ಕುಂತಾರ!"

"ನಾ ಹಾಡೂದು ಶಿವನ ಹೆಸರ ಹೌದಿಲ್ಲೋ? ತಾ ಇಲ್ಲಿ."

ಅವರು ಬೀಗರತ್ತ ಒಮ್ಮೆ, ತಂಗಿಯತ್ತ ಒಮ್ಮೆ ನೋಡಿ, ದೇವರ ಜಗಲಿಯಿಂದ ಗಟ್ಟಿ ತಂದು ಕೊಟ್ಟರು. ತಿಕ್ಕಿದೆ. ಬಿರಡೆಗಳೆಲ್ಲ ಜಂಗಮರಂತೆ ಬೆಳ್ಳಗಾದವು. ಒಂದನ್ನು ಒತ್ತಿ ತಿರುಗಿಸಿದೆ, ನಿಂತಿತು! ಎರಡನೆಯದೂ ಮೂರನೆಯದೂ ನಿಂತವು. ನಾನು ಕೂತಲ್ಲೇ ಕುಣಿದೆ. ನಾಲ್ಕನೆಯದು, ಆ ದಪ್ಪ ತಂತಿಯದು, ಎಣ್ಣೆ ಜಾಸ್ತಿ ಕುಡಿದಿತ್ತೋ ಏನೋ, ಮತ್ತೆ ಡುಂಯ್.

ಕೂಸು ಹೊರಗೆ ಬಂತು. ಪೇಟಿಯವ ತಿದಿ ಬಿಚ್ಚಿದ. ಒಂದು ಕೈ ಮೀಟುವುದಕ್ಕೆ, ಒಂದು ಕೈ ತಂಬೂರಿ ಹಿಡಿಯುವುದಕ್ಕೆ, ಜಾರುವ ಬಿರಡೆ ಅದುಮಿ ಹಿಡಿಯಲು ಮೂರನೆಯ ಕೈ ನಾನೆಲ್ಲಿಂದ ತರಲಿ?

ಧೋತರ ಮೇಲೆತ್ತಿ ಕಟ್ಟಿಕೊಂಡು ಅತ್ತೆಯ ಅಣ್ಣ ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. "ಎಲ್ಲಿ ಹಿಡೀಬೇಕು, ತೋರ್ಸವ್ವ." ತೋರಿಸಿದೆ. ಶ್ರುತಿ ಕೂಡಿದ ಕೂಡಲೇ ಬಿರಡೆಯನ್ನು ಮುಷ್ಟಿಯಲ್ಲಿ ಅವುಚಿ ಹಿಡಿದರು.

ಅತ್ತೆ ಹಾಡಿದರು. ಮೊದಲ ಸಾಲು ನಡುಗಿತು, ಎರಡನೆಯದಕ್ಕೆ ದನಿ ಬಿಚ್ಚಿಕೊಂಡಿತು. ಬೀಗಿತ್ತಿ ತೊಟ್ಟಿಲು ತೂಗುವುದನ್ನೇ ಮರೆತು ಕೇಳುತ್ತ ನಿಂತಳು.

ಹಾಡು ಮುಗಿಯಿತು. ಪೇಟಿಯವ ಸ್ವರದ ಮನೆಗಳ ಮೇಲೆ ಬೆರಳಿಟ್ಟ.

"ತಡೀರಿ," ಎಂದರು ಅಣ್ಣ, ಬಿರಡೆ ಬಿಡದೆ, ತಂಗಿಯ ಮುಖವನ್ನೂ ನೋಡದೆ. "ನಾ ಈಗ ಕೈ ಬಿಟ್ರ ತಂತಿ ಇಳೀತದ. ಇನ್ನೊಂದು ಹಾಡು, ಬೇ."