ಪಾಯಿಂಟ್ ಇಲ್ಲದ ಬಟನ್

ಕಳೆದ ಭಾನುವಾರ ನಾನು ಗಾಡಿ ಸಮೇತ ಭದ್ರಾ ನಾಲೆಗೆ ಬಿದ್ದೆ.

ಗಾಬರಿಯಾಗಬೇಡಿ. ಮೊಣಕೈ ಕೂಡ ತರಚಿಲ್ಲ. ಬಿದ್ದದ್ದು ಸವಳಂಗ ರಸ್ತೆಯ ನಮ್ಮ ಮನೆಯ ಟಿವಿಯೊಳಗೆ. ಒಂದು ಕೈಯಲ್ಲಿ ಕಂಟ್ರೋಲರ್ ಇತ್ತು, ಇನ್ನೊಂದು ಕೈಯಲ್ಲಿ ಕಾಫಿ ಲೋಟ. ಎರಡೂ ಕೈ ಬೇಕು ಅಂತ ಮಗಳು ಮೊದಲೇ ಹೇಳಿದ್ದಳು. ಕೇಳಬೇಕಲ್ಲ?

ಅದೊಂದು ಹೊಸ ಕಾರ್ಟ್ ರೇಸಿಂಗ್ ಗೇಮ್. ಕಾರ್ಟ್ ಅಂದರೆ ಬಾಗಿಲಿಲ್ಲದ, ನೆಲಕ್ಕೆ ಅಂಟಿಕೊಂಡಂತಿರುವ ಪುಟ್ಟ ಗಾಡಿ. ಡಿಕ್ಕಿ ಹೊಡೆಯಬಹುದು, ಹಿಂದಿನವರ ದಾರಿಗೆ ಎಣ್ಣೆ ಚೆಲ್ಲಬಹುದು. ಮೊದಲು ಗೆರೆ ದಾಟಿದವರು ಗೆದ್ದಂತೆ. ಇಂಥವು ಬೇಕಾದಷ್ಟಿವೆ, ಇದಕ್ಕೊಂದು ಅಂಕಣ ಬೇರೆ ಬೇಕಿತ್ತಾ ಅಂತೀರಾ? ಬೇಕಿತ್ತು. ಏಕೆಂದರೆ ಇದನ್ನು ಮಾಡಿದವಳು ನನ್ನ ಮಗಳು ಸಹನಾ. (ವಿಮರ್ಶಕರು ನಿಷ್ಪಕ್ಷಪಾತಿಗಳಾಗಿರಬೇಕಂತೆ. ಬೇರೆಯವರು ಇರಲಿ ಬಿಡಿ.)

ಸಹನಾ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂಸಿಎ ಓದುತ್ತಿದ್ದಾಳೆ, ಕೊನೆಯ ವರ್ಷ. ಈ ಗೇಮೇ ಅವಳ ಪ್ರಾಜೆಕ್ಟ್. ಬಸ್ಸಿನ ಕಿಟಕಿಯಲ್ಲಿ ದಿನಾ ಕಂಡದ್ದನ್ನೆಲ್ಲ ಟ್ರ್ಯಾಕಿಗೆ ತಂದು ಸುರಿದಿದ್ದಾಳೆ. ಭದ್ರಾವತಿಯ ಓಲ್ಡ್ ಟೌನಿನ ಗಲ್ಲಿಗಳು, ಸೇತುವೆ, ಆಮೇಲೆ ಕಿರಿದಾದ ನಾಲೆ ಏರಿ. ಸಹಪಾಠಿಗಳೆಲ್ಲ ಚಂದ್ರಲೋಕ, ಮರಳುಗಾಡು ಅಂತ ಹೋದರೆ ಇವಳು ರೋಡ್ ಹಂಪ್ ಸಮೇತ ನಮ್ಮೂರಿಗೇ ಬಂದಿದ್ದಾಳೆ. ಆ ಹಂಪಿನ ಮೇಲೆ ಗಾಡಿ ಎಗರಿದಾಗ ನಿಜವಾಗಿಯೂ ಸೊಂಟ ಹಿಡಿದುಕೊಂಡೆ. ಅಷ್ಟು ಚೆನ್ನಾಗಿ ಮಾಡಿದ್ದಾಳೆ.

ಗುರುವಾರ ಬೆಂಗಳೂರಿನಿಂದ ಪರೀಕ್ಷಕರೊಬ್ಬರು ಬಂದು ಆಡಿ ನೋಡುವವರಿದ್ದರು. ಅವರಿಗೆ ಬೋರ್ ಹೊಡೆದರೆ ಒಂದು ವರ್ಷದ ನಿದ್ದೆ, ಕಣ್ಣು, ಬೆನ್ನು ಎಲ್ಲ ದಂಡ. ಗೇಮ್ ಗೊತ್ತಿಲ್ಲದವರು ಆಡಿದರೆ ಏನಾಗುತ್ತದೆ ಅಂತ ಮೊದಲೇ ನೋಡಬೇಕಿತ್ತು. ಗೇಮ್ ಗೊತ್ತಿಲ್ಲದವರಿಗೆ ನಮ್ಮಲ್ಲಿ ಬರವೇ? ನಾನಿದ್ದೆ. ಓಲ್ಡ್ ಟೌನಿನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ನನ್ನ ತಮ್ಮ ರಮೇಶ ಬಂದ. ಜೊತೆಗೆ ಅವನ ಮನೆಯಲ್ಲಿರುವ ನಮ್ಮಮ್ಮನೂ ಬಂದಳು.

ಅಮ್ಮ ಗಾಡಿ ಹೊರಡಿಸಲೇ ಒಪ್ಪಲಿಲ್ಲ.

"ಹೊಸ ಗಾಡಿ ಅಲ್ವೇನೇ? ಚಕ್ರದ ಕೆಳಗೆ ನಿಂಬೆಹಣ್ಣು ಇಡದೆ ಹೆಂಗೆ ಹೊರಡೋದು?"

"ಅಜ್ಜೀ, ಗಾಡಿ ಟಿವಿ ಒಳಗಿದೆ."

"ಒಳಗಿದ್ರೇನು? ಹೊಸದು ಹೌದೋ ಅಲ್ವೋ?"

ಕೊನೆಗೆ ರಮೇಶ ಅಡುಗೆಮನೆಯಿಂದ ನಿಂಬೆಹಣ್ಣು ತಂದು ಟಿವಿ ಮುಂದಿಟ್ಟ. ರೇಸ್ ಶುರುವಾಯಿತು. ನಾಲ್ಕನೇ ಗಾಡಿ ಕಂಪ್ಯೂಟರಿನದು.

ನಾನು ನಾಲೆಗೆ ಬಿದ್ದದ್ದು ಆಗಲೇ. ರಮೇಶ ಎಲ್ಲರಿಗಿಂತ ಮುಂದಿದ್ದ. ಫಿನಿಶ್ ಲೈನ್ ಕಾಣುತ್ತಿತ್ತು. ಥಟ್ಟನೆ ಗಾಡಿ ತಿರುಗಿಸಿ ವಾಪಸ್ ಬಂದ.

"ಮಾವಾ! ಗೆರೆ ಆ ಕಡೆ ಇದೆ!" ಸಹನಾ ಕಿರುಚಿದಳು.

"ಗೊತ್ತು ಕಣೇ. ನಿಮ್ಮಮ್ಮ ಬಿದ್ದಿದಾಳಲ್ಲ, ಬಿಟ್ಟು ಹೋಗೋಕಾಗುತ್ತಾ?"

"ಸ್ವಲ್ಪ ಹೊತ್ತಿಗೆ ಗೇಮೇ ಎತ್ತಿ ರಸ್ತೆ ಮೇಲೆ ಇಡುತ್ತೆ ಮಾವ."

"ಅದು ಎತ್ತೋ ತನಕ ನಾನು ನೋಡ್ತಾ ಕೂರ್ಲಾ? ಇದರಲ್ಲಿ ಹಗ್ಗ ಯಾವ ಬಟನ್ನು?"

ಅಷ್ಟರಲ್ಲಿ ಅಮ್ಮನ ಗಾಡಿಯೂ ಬಂತು. ಮಗ ನಿಂತದ್ದು ನೋಡಿ ಅವಳೂ ನಿಲ್ಲಿಸಿದಳು. ಏರಿಯ ಮೇಲೆ ಎರಡು ಗಾಡಿ, ನೀರಲ್ಲಿ ಒಂದು. ಕಂಪ್ಯೂಟರ್ ಆರಾಮಾಗಿ ಗೆದ್ದುಕೊಂಡಿತು.

"ನಿಮ್ಮ ಕೈಲಿ ಟೆಸ್ಟ್ ಮಾಡಿಸಿದ್ದು ನಂದೇ ತಪ್ಪು. ಒಬ್ಬರಿಗಾದ್ರೂ ಗೆಲ್ಲೋ ಆಸೆ ಬೇಡ್ವಾ?" ಅಂದವಳೇ ಸಹನಾ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಣ್ಣು ತುಂಬಿತ್ತು.

ಆದರೆ ಒಂದು ಮಾತು. ನಮ್ಮವರಿಗೆ ಗೆಲ್ಲುವ ಆಸೆ ಇಲ್ಲವೇ? ರಮೇಶ ಇಸ್ಪೀಟಿನಲ್ಲಿ ಎಲೆ ಬಚ್ಚಿಡುತ್ತಾನೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುತ್ತಾನೆ. ಸಾಧು ಸಂತನೇನಲ್ಲ. ಆದರೆ ನಾಲೆ ಏರಿಯ ಮೇಲೆ ಕಾನೂನೇ ಬೇರೆ. ಅಲ್ಲಿ ಯಾರದಾದರೂ ಗಾಡಿ ಜಾರಿದರೆ ಹಿಂದೆ ಬಂದವರು ನಿಲ್ಲಲೇಬೇಕು. ಮೊದಲು ಹಗ್ಗ, ಆಮೇಲೆ ಬೈಗುಳ. ಎತ್ತಿದವರಿಗೆ ಬೈಯುವ ಹಕ್ಕು ಉಂಟು, ಬಿದ್ದವರು ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ.

ಮರುದಿನ ಬೆಳಿಗ್ಗೆ ಸಹನಾ ಮಾವನಿಗೆ ಫೋನ್ ಹಚ್ಚಿದ್ದು ಕೇಳಿಸಿತು.

"ಮಾವ, ಹಗ್ಗ ಎಲ್ಲಿಗೆ ಕಟ್ತೀರಿ? ಎತ್ತಿದ ಮೇಲೆ ಏನಂತ ಬೈತೀರಿ? ಸ್ವಲ್ಪ ಬೈದು ಕಳಿಸಿ, ರೆಕಾರ್ಡ್ ಮಾಡ್ಕೊಂಡು."

ಗೇಮಿಗೆ ಹೊಸ ಬಟನ್ ಬಂತು. ಒತ್ತಿದರೆ ನಿಮ್ಮ ಗಾಡಿಯಿಂದ ಹಗ್ಗ ಹೋಗಿ ಬಿದ್ದವರನ್ನು ಎಳೆಯುತ್ತದೆ. ನಿಮ್ಮ ಸಮಯ ಹಾಳು. (ನಿಂಬೆಹಣ್ಣೂ ಬಂದಿದೆ. ರೇಸ್ ಶುರುವಾದಾಗ ಚಕ್ರದಡಿ ಅಪ್ಪಚ್ಚಿಯಾಗುತ್ತದೆ. ಅಮ್ಮ ಪ್ರಸನ್ನ.)

ಅವಳ ಪ್ರಾಜೆಕ್ಟ್ ಗೈಡಿಗೆ ಮಾತ್ರ ಇದು ಹಿಡಿಸಲಿಲ್ಲ. ಒಳ್ಳೆಯ ಮೇಷ್ಟ್ರು, ಅವಳ ಒಳ್ಳೆಯದಕ್ಕೇ ಹೇಳಿದರು. "ಎತ್ತಿದವರಿಗೆ ಪಾಯಿಂಟ್ ಕೊಡಮ್ಮ. ಇಲ್ಲಾಂದ್ರೆ ಬಟನ್ ತೆಗೆದುಬಿಡು. ಲಾಭ ಇಲ್ಲದೆ ಯಾರು ಒತ್ತುತ್ತಾರೆ? ಒಬ್ಬರೂ ಒತ್ತದಿದ್ರೆ ಪರೀಕ್ಷಕರ ಮುಂದೆ ಉತ್ತರ ಕೊಡೋಳು ನೀನು."

"ಮಾವ ಪಾಯಿಂಟ್ ಕೇಳ್ಲಿಲ್ಲ ಸರ್," ಅಂದಳಂತೆ.

ನಾನೂ ಹೇಳಿ ನೋಡಿದೆ. "ಕೊಟ್ಟುಬಿಡು ಮಾರಾಯ್ತಿ, ನಿನ್ನ ಗಂಟೇನು ಹೋಗುತ್ತೆ?" ಅವಳು ಜಗ್ಗಲಿಲ್ಲ. ಹಟದಲ್ಲಿ ಅಜ್ಜಿಯ ಮೊಮ್ಮಗಳು.

ಗುರುವಾರ ಪ್ರದರ್ಶನಕ್ಕೆ ನಾನೂ ಹೋಗಿದ್ದೆ. ಕೊನೆಯ ಬೆಂಚಿನಲ್ಲಿ ಕೂತು ಸೆರಗಿನ ತುದಿ ತಿರುಚುತ್ತಿದ್ದೆ. ಪರೀಕ್ಷಕರು ಎಳೆ ವಯಸ್ಸಿನವರು, ಕೈ ಚುರುಕು. ಗೈಡೂ ಎದುರಾಳಿಯಾಗಿ ಆಡಲು ಕೂತರು. ಯಾವ ಬಟನ್ ಏನು ಮಾಡುತ್ತದೆ ಅಂತ ಸಹನಾ ಮೊದಲೇ ತೋರಿಸಿದ್ದಳು. ಆಟದ ನಡುವೆ ಯಾರೂ ಯಾವ ಬಟನ್ನಿನ ನೆನಪೂ ಮಾಡಿಕೊಡುವಂತಿರಲಿಲ್ಲ. ಸೇತುವೆ ದಾಟಿದರು, ಏರಿ ಹತ್ತಿದರು. ಗೈಡಿನ ಗಾಡಿ ಜಾರಿ ಸೀದಾ ನೀರಿಗೆ.

ಪರೀಕ್ಷಕರು ಮುಂದೆ ಹೋದರು. ಹೋಗಿಯೇಬಿಟ್ಟರು. ನಾನು ಸಹನಾಳ ಮುಖ ನೋಡಲಾರದೆ ನೆಲ ನೋಡಿದೆ.

ಗಾಡಿಯ ಸದ್ದು ನಿಂತಿತು. ತಲೆ ಎತ್ತಿದರೆ, ಪರೀಕ್ಷಕರು ಗಾಡಿ ತಿರುಗಿಸುತ್ತಿದ್ದಾರೆ! ವಾಪಸ್ ಬಂದರು, ಬಟನ್ ಒತ್ತಿದರು. ಹಗ್ಗ ಹೋಯಿತು, ಗೈಡ್ ಮೇಲೆ ಬಂದರು. ಹಿಂದೆಯೇ ಸ್ಪೀಕರಿನಿಂದ ನನ್ನ ತಮ್ಮನ ಧ್ವನಿ: "ಕಣ್ಣು ಜೇಬಲ್ಲಿಟ್ಕೊಂಡು ಗಾಡಿ ಓಡಿಸ್ತೀರೇನ್ರೀ? ಮನೇಲಿ ಹೇಳಿ ಬಂದಿದೀರಾ?"

ಇಡೀ ಹಾಲ್ ನಕ್ಕಿತು. ಗೈಡೂ ನಕ್ಕರು. ಗೆದ್ದದ್ದು ಕಂಪ್ಯೂಟರ್.

"ಎತ್ತಿದ್ದಕ್ಕೆ ಪಾಯಿಂಟ್ ಇಲ್ವಾ?" ಪರೀಕ್ಷಕರು ಕೇಳಿದರು.

"ಇಲ್ಲ ಸರ್."

"ಮತ್ತೆ ನಾನ್ಯಾಕೆ ಒತ್ತಿದೆ?"

"ಅದನ್ನೇ ಟೆಸ್ಟ್ ಮಾಡ್ತಿದ್ದೆ ಸರ್," ಅಂದಳು ನನ್ನ ಮಗಳು.

ಅವರು ಕಂಟ್ರೋಲರ್ ಕೆಳಗಿಡಲಿಲ್ಲ. ಇನ್ನೊಂದು ಸಲ ಆಡೋಣ ಅಂದರು. ನನಗೆ ಎದೆ ಉಬ್ಬುವಷ್ಟು ಹೆಮ್ಮೆಯಾಯಿತು, ಮುಚ್ಚಿಟ್ಟುಕೊಳ್ಳುವುದೇಕೆ? ಮಗಳ ಬಗ್ಗೆ ಆಯಿತು, ಇಸ್ಪೀಟಿನಲ್ಲಿ ಮೋಸ ಮಾಡುವ ತಮ್ಮನ ಬಗ್ಗೆಯೂ ಆಯಿತು.

ನಮ್ಮೂರಿನ ಕಥೆ ಹೇಳಿದೆ. ಪಾಯಿಂಟ್ ಸಿಗದ ಬಟನ್ ಒತ್ತುವವರು ನಿಮ್ಮೂರಲ್ಲಿ ಯಾರಿದ್ದಾರೆ, ಹೇಳಿ ನೋಡೋಣ?